ಅಕ್ಕನ ಈಜು, ನನ್ನ ಸಾಕ್ಷಿ

ನನಗೆ ಈಜು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅಬುಧಾಬಿಯ ನಮ್ಮ ಕನ್ನಡ ಸಭೆಯಲ್ಲಿ ಹದಿನೇಳು ವರ್ಷ ಇದನ್ನು ಹೇಳದೆ ಉಳಿದು ಪಟ್ಟ ಪಾಡೇ ಸಾಕಾಗಿದೆ.

ನಗರದ ಹೊರಗಿನ ಮುಸಫ್ಫಾದಲ್ಲಿ ನಮಗೆ ಸ್ವಂತ ಚರ್ಚ್ ಇಲ್ಲ. ಒಂದೇ ಹಾಲ್‌ನಲ್ಲಿ ಶುಕ್ರವಾರ ಬೆಳಿಗ್ಗೆ ಮಲಯಾಳಂ ಆರಾಧನೆ, ಆಮೇಲೆ ತಮಿಳು, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಾವು, ನಾಲ್ಕಕ್ಕೆ ತೆಲುಗಿನವರು. ನಾವು ಕೊನೆಯ ಕೀರ್ತನೆ ಹಾಡುವಾಗ ತೆಲುಗಿನವರು ಮಕ್ಕಳುಮರಿ ಸಮೇತ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿರುತ್ತಾರೆ. ಇಷ್ಟು ಇಕ್ಕಟ್ಟಿನಲ್ಲೂ ನಮ್ಮವರು ಒಂದು ಪದ್ಧತಿ ಬಿಟ್ಟಿಲ್ಲ. ಊರಿನಿಂದ ಹೊಸದಾಗಿ ಬಂದವರು ಮೂರನೆಯ ಶುಕ್ರವಾರ ಎಲ್ಲರ ಮುಂದೆ ನಿಂತು ಸಾಕ್ಷಿ ಹೇಳಬೇಕು. ದೇವರು ತಮ್ಮ ಬದುಕಿನಲ್ಲಿ ಏನು ಮಾಡಿದ ಎಂಬುದೇ ಸಾಕ್ಷಿ.

ನನ್ನ ಸರದಿ ಬಂದ ದಿನ ನನಗಿಂತ ಮೊದಲು ಹೇಳಿದವರು ಕುಡಿತ ಬಿಟ್ಟವರು. ಅವರಿಗಿಂತ ಮೊದಲಿನವರ ಹೊಟ್ಟೆಯ ಗಡ್ಡೆ ಪ್ರಾರ್ಥನೆಯಲ್ಲೇ ಕರಗಿತ್ತು. ನಾನೋ, ತೊಟ್ಟಿಲಲ್ಲಿರುವಾಗಲೇ ದೀಕ್ಷಾಸ್ನಾನವಾದವನು. ಕುಡಿದವನಲ್ಲ, ಕಾಯಿಲೆ ಬಿದ್ದವನಲ್ಲ. ಡಿಪ್ಲೊಮಾ ಮುಗಿಸಿ ಇಲ್ಲಿನ ಫ್ಯಾಬ್ರಿಕೇಶನ್ ಯಾರ್ಡಿಗೆ ಸ್ಟೋರ್‌ಕೀಪರ್ ಆಗಿ ಬಂದವನು. ದೇವರು ನನ್ನ ಮೇಲೆ ವಿಶೇಷ ಶ್ರಮ ತೆಗೆದುಕೊಂಡಂತೆ ನನಗೇ ಕಾಣುತ್ತಿರಲಿಲ್ಲ. ಮೈಕ್ ಕೈಗೆ ಬಂದಾಗ ನಾಚಿಕೆಯಾಯಿತು.

ಆಗ ಸ್ವರ್ಣಾ ನದಿಯ ಕಥೆ ಬಾಯಿಗೆ ಬಂತು. ನಮ್ಮ ಅಜ್ಜಿಯ ಮನೆ ನದಿಯ ನಡುವಿನ ಕುದ್ರುವಿನಲ್ಲಿ, ಅಂದರೆ ದ್ವೀಪದಲ್ಲಿ. ಹೋಗಿಬರಲು ದೋಣಿಯೇ ಗತಿ. ಒಂದು ದಿನ ಕಡವಿನ ಹತ್ತಿರ, ದೋಣಿ ಇನ್ನೇನು ದಡ ಮುಟ್ಟಬೇಕು ಎನ್ನುವಾಗ, ಏಳು ವರ್ಷದ ಹುಡುಗನೊಬ್ಬ ತೇಲಿಹೋಗುತ್ತಿದ್ದ ತೆಂಗಿನಕಾಯಿಗೆ ಕೈಚಾಚಿ ನೀರಿಗೆ ಬಿದ್ದ. ಹನ್ನೆರಡು ವರ್ಷದ ಮಗುವೊಂದು ಹಾರಿ, ಅವನ ಕೂದಲು ಹಿಡಿದು ಎಳೆದು ತಂದಿತು. ಇದೆಲ್ಲ ನಿಜವಾಗಿ ನಡೆದದ್ದೇ. ಆದರೆ ಬಿದ್ದವನು ನಾನು, ಹಾರಿದವಳು ನನ್ನ ಅಕ್ಕ. ಸಾಕ್ಷಿಯಲ್ಲಿ ನಾನು ಅದಲುಬದಲು ಮಾಡಿದೆ. ಹಾರಿದವನು ನಾನಾದೆ. ಬಿದ್ದ ಹುಡುಗ ಯಾರೋ ಅಕ್ಕಪಕ್ಕದವನಾದ. ಸಾಲದ್ದಕ್ಕೆ ಆ ಹುಡುಗ "ಯೇಸುವೇ ಕಾಪಾಡು" ಎಂದು ಕೂಗಿದ ಎಂದೂ ಸೇರಿಸಿದೆ.

ಹಾಲ್ ತುಂಬ "ಸ್ತೋತ್ರ, ಸ್ತೋತ್ರ" ಎದ್ದಿತು. ಎರಡನೆಯ ಸಾಲಿನಲ್ಲಿ ಒಬ್ಬ ನರ್ಸ್ ಕಣ್ಣೊರೆಸಿಕೊಂಡಳು. ಮರುವರ್ಷ ಅವಳು ನನ್ನ ಹೆಂಡತಿಯಾದಳು. ಹೀಗೆ ಸುಳ್ಳು ಸಭೆಯಿಂದ ಮನೆಗೂ ಬಂದು ನಮ್ಮ ಜೊತೆಗೇ ಸಂಸಾರ ಹೂಡಿತು. ಬಿಸಿತುಪ್ಪದ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು.

ಕಳೆದ ವರ್ಷ ನಮ್ಮ ಪಾಸ್ಟರ್ ಒಂದು ಮಿಷನ್ ಪ್ರವಾಸ ಘೋಷಿಸಿದರು. ರಾಯಚೂರು ಕಡೆ ಕೃಷ್ಣಾ ನದಿಯ ನಡುಗಡ್ಡೆಗಳಲ್ಲಿ ಹಳ್ಳಿಗಳಿವೆ. ಸೇತುವೆ ಇಲ್ಲ, ಬುಟ್ಟಿಯಂತಹ ತೆಪ್ಪದಲ್ಲಿ ದಾಟಬೇಕು. ಡಿಸೆಂಬರ್ ರಜೆಯಲ್ಲಿ ನಮ್ಮ ಯುವಕರು ಎಂಟು ದಿನ ಅಲ್ಲಿಗೆ ಹೋಗಿ ಕಣ್ಣು, ಬಿಪಿ ನೋಡುವುದು, ಕನ್ನಡಕ ಕೊಡುವುದು, ಮಕ್ಕಳಿಗೆ ಹಾಡು ಕಲಿಸುವುದು ಎಂದಾಯಿತು. ಹಿಂದಿನ ಮಿಷನರಿಗಳು ಹಡಗು ಹತ್ತಿ ಬಂದು ನಮ್ಮೂರ ಮಣ್ಣಿನಲ್ಲೇ ಮಣ್ಣಾದರು. ನಾವು ರಿಟರ್ನ್ ಟಿಕೆಟ್ ಹಿಡಿದು ಹೊರಟವರು. ಟೀ ಶರ್ಟಿನ ಬಣ್ಣಕ್ಕಾಗಿಯೇ ಮೂರು ಮೀಟಿಂಗ್ ನಡೆಯಿತು.

ತೆಪ್ಪದ ಫೋಟೊ ನೋಡಿ ತಾಯಂದಿರು ಹೆದರಿದರು. ಪಾಸ್ಟರ್ ಮೈಸೂರಿನವರು, ನಗುನಗುತ್ತಲೇ ಮಾತಾಡುವವರು.

"ಯಾಕ್ರಮ್ಮಾ ಭಯ? ನಮ್ಮ ಬ್ರದರ್ ಇಲ್ವಾ! ಹನ್ನೆರಡು ವರ್ಷಕ್ಕೇ ನದಿಗೆ ಹಾರಿ ಜೀವ ಉಳಿಸಿದೋರು. ನೀರಿನ ಜವಾಬ್ದಾರಿ ಪೂರ್ತಿ ಅವರದ್ದೇ" ಎಂದು ನನ್ನತ್ತ ಕೈ ತೋರಿಸಿದರು.

ಹಾಲ್ ಇಡೀ ತಿರುಗಿ ನನ್ನನ್ನು ನೋಡಿತು. ಅಲ್ಲಿಯವರೆಗೆ ಪ್ರವಾಸವೇ ಬೇಡ ಎನ್ನುತ್ತಿದ್ದ ನನ್ನ ಹದಿನೈದರ ಮಗಳು ಕೈ ಎತ್ತಿದಳು. "ಪಪ್ಪ ಈಸ್ ಗೋಯಿಂಗ್, ನೋ? ದೆನ್ ಐ ವಿಲ್ ಗೋ." ಹೆಂಡತಿ ಹೆಮ್ಮೆಯಿಂದ ನನ್ನ ಮೊಣಕೈ ಒತ್ತಿದಳು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಪಾಡು ಏನೆಂದು ನನಗೆ ಅವತ್ತು ತಿಳಿಯಿತು.

ತಪ್ಪಿಸಿಕೊಳ್ಳಲು ನಾನು ಮಾಡದ ಕಸರತ್ತಿಲ್ಲ. ನಮ್ಮ ಯಾರ್ಡಿನ ಈಜಿಪ್ಟಿನ ಮ್ಯಾನೇಜರ್ ಕೇಳಿದಾಗ ರಜೆ ಕೊಟ್ಟ ದಾಖಲೆಯೇ ಇಲ್ಲ. ಈ ಸಲವೂ ಇಲ್ಲ ಎನ್ನಲಿ ದೇವರೇ ಎಂದು ಬೇಡಿಕೊಂಡೇ ಅರ್ಜಿ ಹಿಡಿದು ಹೋದೆ. ಬಡ ಹಳ್ಳಿಗಳ ಸೇವೆ ಎಂದು ಓದಿ ಅವನ ಕಣ್ಣು ಒದ್ದೆಯಾಯಿತು. "ಖಲಾಸ್, ಗೋ, ಮೈ ಫ್ರೆಂಡ್" ಎಂದು ಅಲ್ಲೇ ಸಹಿ ಹಾಕಿದ. ಅವನ ಮೇಲೆ ಅಷ್ಟು ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ.

ಹೆಂಡತಿಯ ಡ್ಯೂಟಿ ನೋಡಿಕೊಂಡು ಗುಟ್ಟಾಗಿ ಈಜು ಕಲಿಯಲು ಹೋದೆ. ಎದೆಮಟ್ಟದ ನೀರು, ಪಕ್ಕದಲ್ಲಿ ಆರು ವರ್ಷದ ಮಕ್ಕಳು. ಮುಖ ನೀರಿಗಿಟ್ಟ ಕೂಡಲೇ ಕಿವಿಯೊಳಗೆ ಗುಂಯ್ ಎಂದಿತು, ಕಂಬಿ ಹಿಡಿದು ಮೇಲೆ ಹತ್ತಿಬಿಟ್ಟೆ. ಮೂರು ದಿನ ಇದೇ ಆಯಿತು. ತಲೆ ಒರೆಸಿ ಒಣಗಿಸಿಕೊಂಡು, ಕಳ್ಳನ ಹಾಗೆ ಮನೆಗೆ ಬರುತ್ತಿದ್ದೆ.

ಕೊನೆಗೆ ಪಾಸ್ಟರ್ ಹತ್ತಿರವೇ ಹೋದೆ. "ಪಾಸ್ಟರ್, ನನಗೆ ನೀರು ಅಂದ್ರೆ ಅಷ್ಟು ಧೈರ್ಯ ಇಲ್ಲ" ಎಂದೆ.

"ದೀನತೆ ಬೇಕು ಬ್ರದರ್. ಆದ್ರೆ ದೇವರು ಕೊಟ್ಟ ವರಾನ ಮುಚ್ಚಿಡಬಾರದು ಕಣ್ರೀ" ಎಂದು ಅವರು ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಹೇಳಬೇಕಾದ ಒಂದೇ ಒಂದು ವಾಕ್ಯ ಬಿಟ್ಟು ಬೇರೆಲ್ಲ ಹೇಳಿ ನಾನು ಹಿಂದೆ ಬಂದೆ. ಅಷ್ಟೇ ಅಲ್ಲ, ಮುಂದಿನ ವಾರದಿಂದ ಮಕ್ಕಳಿಗೆ ನೀರಿನ ಸುರಕ್ಷತೆಯ ಕ್ಲಾಸ್ ಬೇರೆ ತೆಗೆದುಕೊಂಡೆ. ಫೋನಿನಲ್ಲಿ ವಿಡಿಯೊ ನೋಡಿಕೊಂಡು ಕಲಿಸಿದೆ. ನಾಚಿಕೆಗೇಡಿನ ಮಾತೆಂದರೆ, ಚೆನ್ನಾಗಿಯೇ ಕಲಿಸಿದೆ. ಒಬ್ಬ ತಾಯಿ ಸಂತೋಷಪಟ್ಟು ಕೋರಿರೊಟ್ಟಿ ಮಾಡಿ ಕಳಿಸಿದರು. ಅವರ ಮಗ ನೀರಿಗೆ ಬಿದ್ದರೆ ನಾನು ದಡದಲ್ಲಿ ನಿಂತು ಬಾಯಿ ಬಡಿದುಕೊಳ್ಳುವುದಷ್ಟೇ ಎಂದು ನನಗೆ ಗೊತ್ತಿತ್ತು. ಆದರೂ ರೊಟ್ಟಿ ತಿಂದೆ.

ಆ ಹೊತ್ತಿಗೇ ಅಕ್ಕ ಬಂದಳು. ಮಿರ್ದಿಫ್‌ನಲ್ಲಿರುವ ಅವಳ ಮಗಳಿಗೆ ಹೆರಿಗೆಯಾಗಿತ್ತು. ಬಾಣಂತನಕ್ಕೆಂದು ವಿಸಿಟ್ ವೀಸಾದಲ್ಲಿ ದುಬೈಗೆ ಬಂದವಳು, ನಮ್ಮ ತಂಡವನ್ನು ಬೀಳ್ಕೊಡುವ ಶುಕ್ರವಾರವೇ ಅಬುಧಾಬಿಗೆ ಹೊರಟು ಬಂದಳು. ಅವತ್ತು ಆರಾಧನೆಯಲ್ಲಿ ನಾನು ಮತ್ತೊಮ್ಮೆ ಆ ಸಾಕ್ಷಿ ಹೇಳುವುದೆಂದು ಪಾಸ್ಟರ್ ಆಗಲೇ ಪಟ್ಟಿಯಲ್ಲಿ ಹಾಕಿದ್ದರು.

ತಪ್ಪಿಸಿಕೊಳ್ಳಲು ಮಳೆಯಿಲ್ಲ, ಜ್ವರವಿಲ್ಲ, ಏನೂ ನೆಪವಿಲ್ಲ. ಊಟಕ್ಕೆ ಕುಳಿತೆವು. ಹೆಂಡತಿ ಬಂಗುಡೆ ಸಾರು ಬಡಿಸುತ್ತ ಕೇಳಿಯೇಬಿಟ್ಟಳು.

"ಅತ್ತಿಗೆ, ಇವರು ಆ ಹುಡುಗನನ್ನು ನದಿಯಿಂದ ಎಳೆದದ್ದು ನೀವು ನೋಡಿದ್ದೀರಾ?"

ಅಕ್ಕ ನನ್ನನ್ನು ನೋಡಿದಳು. ಮುಳ್ಳು ಬಿಡಿಸಿ ತಟ್ಟೆಯ ಬದಿಗಿಟ್ಟಳು. "ನಾನೂ ದೋಣಿಯಲ್ಲೇ ಇದ್ದೆ" ಎಂದಳು.

"ಪಾಪ, ಯೇಸುವೇ ಅಂತ ಕೂಗಿದ್ನಂತೆ ಅಲ್ವಾ?"

"ಇಲ್ಲ ಮಾರಾಯ್ತಿ. ಮುಳುಗುವವರು ಕೂಗುದಿಲ್ಲ. ಮೊದಲು ಕೈ ಬಡಿದ, ಎಲ್ಲರೂ ಆಟ ಅಂತ ನಗ್ತಾ ಇದ್ದರು. ಆಮೇಲೆ ಸುಮ್ಮನಾದ. ಸುಮ್ಮನಾದ ಅಂತಲೇ ಹಾರಿದ್ದು."

ಯಾರು ಹಾರಿದ್ದು ಎಂದು ಅವಳು ಹೇಳಲಿಲ್ಲ. ಕೈ ತೊಳೆಯುವ ನೆಪದಲ್ಲಿ ಅವಳ ಹಿಂದೆಯೇ ಅಡುಗೆಮನೆಗೆ ಹೋದೆ.

"ಅಕ್ಕ, ಇವತ್ತು ಎಲ್ಲರ ಎದುರು ಅದನ್ನೇ ಹೇಳ್ಲಿಕ್ಕುಂಟು."

"ಹೇಳು."

"ನೀನು ಎದುರಿಗೆ ಕೂತಿರ್ತೀಯಲ್ಲ."

"ನಾನು ಕೂತ್ರೆ ಎಂತ ಆಯ್ತು? ಇಷ್ಟು ವರ್ಷ ಹೇಳಿದ್ದಿ. ಆ ಈಜು ಬೇಕಾದ್ರೆ ನೀನೇ ಇಟ್ಕೋ, ನನಗೆ ಅದ್ರಿಂದ ಎಂತ ಆಗ್ಲಿಕ್ಕುಂಟು?" ಅವಳು ನಲ್ಲಿ ನಿಲ್ಲಿಸಿದಳು. "ಆದ್ರೆ ಅಲ್ಲಿ ನಿನ್ನ ಮಗಳು ನೀರಿಗೆ ಬಿದ್ರೆ ಹಾರುದು ಯಾರು? ಅದೊಂದು ಹೇಳು ನನಗೆ."

ನಿಜ ಹೇಳಿದರೆ ಹೆಂಡತಿ ಹೋದಳು, ಮಾನ ಹೋಯಿತು. ಹೇಳದಿದ್ದರೆ ಮಗಳ ಜೀವಕ್ಕೇ ಸಂಚಕಾರ. ಎಲ್ಲರೂ ಕಾರು ಹತ್ತಿ ಆರಾಧನೆಗೆ ಹೊರಟೆವು. ನನ್ನ ಅಂಗಿ ಎಸಿಯಲ್ಲೂ ಬೆನ್ನಿಗೆ ಅಂಟಿಕೊಂಡಿತ್ತು.

ನೀಲಿ ಟೀ ಶರ್ಟಿನ ಹನ್ನೊಂದು ಮಕ್ಕಳು ಮುಂದೆ ಸಾಲಾಗಿ ನಿಂತಿದ್ದರು. ನನ್ನ ಮಗಳು ಕೊನೆಯವಳು. ಪಾಸ್ಟರ್ ಮೈಕ್ ಕೊಟ್ಟಾಗ ಗಡಿಯಾರದಲ್ಲಿ ಮೂರು ನಲವತ್ತು. ತೆಲುಗಿನವರು ಆಗಲೇ ಬಾಗಿಲಲ್ಲಿ ಸೇರುತ್ತಿದ್ದರು.

"ಆಗ ನನಗೆ ಹನ್ನೆರಡು ವರ್ಷ" ಎಂದೆ.

ಮುಂದಿನ ಮಾತು ಬರಲಿಲ್ಲ. ಹೆಂಗಸರ ಕಡೆ ಹೆಂಡತಿಯ ಪಕ್ಕದಲ್ಲಿ ಅಕ್ಕ ಸೆರಗು ಹೊದ್ದು ಕುಳಿತಿದ್ದಳು. ಬಾಯಿ ತೆರೆದೆ, ಸ್ವರ ಹೊರಡಲಿಲ್ಲ. ಕಿವಿಯಲ್ಲಿ ಅದೇ ಗುಂಯ್ ಶಬ್ದ. "ಹೇಳಿ ಬ್ರದರ್, ಹೇಳಿ" ಎಂದರು ಪಾಸ್ಟರ್. ಯಾರೋ ಹಿಂದಿನಿಂದ "ಸ್ತೋತ್ರ" ಎಂದರು. ನಾನು ಪವಿತ್ರಾತ್ಮಭರಿತನಾಗಿ ಮೂಕನಾದೆ ಎಂದು ಸಭೆ ತಿಳಿದಿರಬೇಕು. ಮಕ್ಕಳೂ ಕಣ್ಣು ಮುಚ್ಚಿ ತಲೆ ತಗ್ಗಿಸಿದರು. ಆ ಹಾಲ್‌ನಲ್ಲಿ ನನ್ನ ಮೌನದ ಅರ್ಥ ಗೊತ್ತಿದ್ದವಳು ಒಬ್ಬಳೇ.

ಅಕ್ಕ ಎದ್ದಳು. ಮಂಡಿ ನೋವಿನ ಕಾಲು ಎಳೆಯುತ್ತ, ನಡುವಿನ ದಾರಿಯಲ್ಲಿ ನಡೆದು ಬಂದು ನನ್ನ ಪಕ್ಕ ನಿಂತಳು. ಮೈಕ್ ತೆಗೆದುಕೊಳ್ಳಲಿಲ್ಲ. ನನ್ನ ತಲೆಯ ಹಿಂದೆ ಕೈ ಹಾಕಿ ಕೂದಲು ಹಿಡಿದಳು. ಈಗ ಅಲ್ಲಿ ಹಿಡಿಯುವಷ್ಟು ಕೂದಲೂ ಇಲ್ಲ. ಆದರೂ ಸಿಕ್ಕಿದಷ್ಟನ್ನು ಬಿಗಿಯಾಗಿಯೇ ಹಿಡಿದಳು. ನೋವಾಯಿತು.

"ಆಗ ನನಗೆ ಏಳು ವರ್ಷ" ಎಂದು ಮತ್ತೆ ಶುರುಮಾಡಿದೆ.

ಎಲ್ಲ ಹೇಳಿದೆ. ಬಿದ್ದವನು ನಾನು, ಹಾರಿದವಳು ಇವಳು, ನನಗೆ ಈಜು ಬರುವುದಿಲ್ಲ, ಈ ಮಕ್ಕಳನ್ನು ನನ್ನ ಕೈಗೆ ಕೊಡಬೇಡಿ. ಮುಗಿಯುವವರೆಗೂ ಅಕ್ಕ ಕೈ ಸಡಿಲಿಸಲಿಲ್ಲ. ಈ ಸಲ ಯಾರೂ ಸ್ತೋತ್ರ ಎನ್ನಲಿಲ್ಲ. ಪಾಸ್ಟರ್ ಅವಸರದಲ್ಲಿ ಕೀರ್ತನೆಯ ಸಂಖ್ಯೆ ಹೇಳಿದರು. ಎರಡು ಚರಣಕ್ಕೇ ನಿಲ್ಲಿಸಿದೆವು. ತೆಲುಗಿನವರು ಒಳಗೆ ಬಂದರು.

ಹೆಂಡತಿ ನಾಲ್ಕು ದಿನ ಮಾತಾಡಲಿಲ್ಲ. ಅನ್ನ ಆಗಿದೆ, ನೀರಿನ ಬಾಟಲಿ ತಂದಿಡಬೇಕು, ಎಲ್ಲವೂ ಮಗಳ ಬಾಯಿಂದಲೇ ಬರುತ್ತಿತ್ತು. ಐದನೆಯ ದಿನ ಡ್ಯೂಟಿಗೆ ಹೊರಟವಳು ಬಾಗಿಲಲ್ಲಿ ನಿಂತು, "ಅವತ್ತು ನಿಜವನ್ನೇ ಹೇಳಿದ್ರೂ ನಾನು ಅಳ್ತಿದ್ದೆ. ಅಷ್ಟೂ ಗೊತ್ತಾಗ್ಲಿಲ್ವಾ ನಿಮ್ಗೆ?" ಎಂದು ಬಾಗಿಲು ಎಳೆದುಕೊಂಡು ಹೋದಳು. ನಾನು ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಕುಳಿತು ಅತ್ತುಬಿಟ್ಟೆ.

ಇಬ್ಬರು ತಾಯಂದಿರು ಮಕ್ಕಳ ಹೆಸರು ತೆಗೆಸಿದರು. ನಾನು ಅವರನ್ನು ದೂರುವುದಿಲ್ಲ. ಪಾಸ್ಟರ್ ಮುಖ ಊದಿಸಿಕೊಂಡೇ ಆ ನಡುಗಡ್ಡೆಯ ಊರಿನ ಇಬ್ಬರು ಅಂಬಿಗರನ್ನು ಗೊತ್ತುಮಾಡಿದರು, ಎಲ್ಲರಿಗೂ ಲೈಫ್ ಜಾಕೆಟ್ ತರಿಸಿದರು. ಅದನ್ನು ಮೊದಲೇ ಮಾಡಬೇಕಿತ್ತು. ನನ್ನ ಮೇಲಿನ ನಂಬಿಕೆಯಲ್ಲಿ ಯಾರಿಗೂ ಅದು ಹೊಳೆದೇ ಇರಲಿಲ್ಲ. ನಾನು ಟಿಕೆಟ್ ರದ್ದು ಮಾಡಿಸುತ್ತೇನೆ ಎಂದಾಗ ಮಗಳು ಬಿಡಲಿಲ್ಲ. "ಯೂ ಆರ್ ಕಮಿಂಗ್, ಪಪ್ಪ. ಲಗೇಜ್ ಆಗಿ ಬಾ" ಎಂದಳು.

ಹಾಗೆ ಲಗೇಜ್ ಆಗಿಯೇ ಹೋದೆ. ಕೃಷ್ಣೆಯ ದಡದಲ್ಲಿ ಅಂಬಿಗ ನನ್ನ ಮುಖ ನೋಡಿದವನೇ ತೆಪ್ಪದ ನಡುವೆ, ಕನ್ನಡಕದ ಪೆಟ್ಟಿಗೆಯ ಪಕ್ಕ ಕೂರಿಸಿದ. ಮಗಳು ನನ್ನ ಜಾಕೆಟ್ಟಿನ ಬಕಲ್ ಎರಡೆರಡು ಸಲ ಎಳೆದು ನೋಡಿದಳು. ನಾನೇ ಕಲಿಸಿದ್ದು. ದಡ ಬಿಟ್ಟ ಮೇಲೆ ತೆಪ್ಪ ಒಂದು ಸುತ್ತು ತಿರುಗಿತು. ಕೈಗೆ ಸಿಗುವಷ್ಟು ಹತ್ತಿರದಲ್ಲಿ ನೀರು ಹರಿಯುತ್ತಿತ್ತು. ಮಕ್ಕಳು ಹಾಡುತ್ತಿದ್ದರು. ನನ್ನ ಬಾಯಿ ಒಣಗಿ ಮುಚ್ಚಿಕೊಂಡಿತು.

ಮಗಳು ತಕ್ಷಣ ಹಾಡು ನಿಲ್ಲಿಸಿ ನನ್ನ ಕಡೆ ತಿರುಗಿದಳು. ಅಪ್ಪ ಸುಮ್ಮನಾದರೆ ಮಾತ್ರ ಹೆದರು ಎಂದು ಅವಳ ಅತ್ತೆ ಫೋನಿನಲ್ಲಿ ಹೇಳಿಕೊಟ್ಟಿದ್ದಳಂತೆ.

"ಪಪ್ಪ, ಕೀಪ್ ಟಾಕಿಂಗ್."

"ಏನು ಮಾತಾಡಲಿ?"

"ಎನಿಥಿಂಗ್. ಅತ್ತೆ ಹಾರಿದ್ದು ಹೇಳು."

"ಆಗ ನನಗೆ ಏಳು ವರ್ಷ" ಎಂದೆ. ಆಚೆ ದಡ ಮುಟ್ಟುವವರೆಗೂ ನಾನು ನಿಲ್ಲಿಸಲಿಲ್ಲ.