ಲಿಂಕನ್ ಕೋಟೆಯ ಒಂದು ಹಾಳೆ

೨೦೦೨ರ ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಮಗಳು ಸುನಂದಾಳೊಂದಿಗೆ ಇಂಗ್ಲೆಂಡಿನ ಲೀಡ್ಸ್‌ನಿಂದ ಹೊರಟೆ. ಅವಳು ಅಲ್ಲಿ ಡಾಕ್ಟರು. ಆಸ್ಪತ್ರೆಯ ಪಾಳಿಯಲ್ಲಿ ಅಂದು ರಜೆ ಸಿಕ್ಕಿತ್ತು. ಡಾನ್‌ಕಾಸ್ಟರ್‌ನಲ್ಲಿ ರೈಲು ಬದಲಿಸಿ, ಬುತ್ತಿಯ ಚಪಾತಿ-ಪಲ್ಯ ತಿಂದು ಲಿಂಕನ್ ಮುಟ್ಟುವ ಹೊತ್ತಿಗೆ ಮಳೆ ಸಣ್ಣಗೆ ಜಿನುಗುತ್ತಿತ್ತು. ಕೋಟೆಗೆ ಏರುವ ಕಲ್ಲುಹಾಸಿನ ಓಣಿ ಬಹಳ ಕಡಿದು. ಎರಡು ಕಡೆ ನಿಂತು ದಣಿವಾರಿಸಿಕೊಂಡೆ.

ಧಾರವಾಡದಲ್ಲಿ ನನ್ನದು ಸಣ್ಣ ಅಚ್ಚುಕೂಟ. ತುರ್ತುಪರಿಸ್ಥಿತಿಯಲ್ಲಿ ಪೊಲೀಸರು ಅಲ್ಲಿಂದಲೇ ನನ್ನನ್ನು ಕರೆದೊಯ್ದರು. ಹದಿನಾಲ್ಕು ತಿಂಗಳು ಜೈಲಿನಲ್ಲಿದ್ದೆ, ವಿಚಾರಣೆಯೇ ನಡೆಯಲಿಲ್ಲ. ಆಗ ಸುನಂದಾಗೆ ಆರು ವರ್ಷ. ಅಪ್ಪ ಮುಂಬೈಗೆ ಮಷೀನು ತರಲು ಹೋಗಿದ್ದಾರೆಂದು ಮನೆಯಲ್ಲಿ ಹೇಳಿದ್ದರು. ದೊಡ್ಡವಳಾದ ಮೇಲೆ ನಿಜ ತಿಳಿಯಿತು. ಆದರೂ ಅವಳು ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾವು ನೋಡಲು ಬಂದಿದ್ದ ಮ್ಯಾಗ್ನಾ ಕಾರ್ಟಾ ಎಂದರೆ ದಪ್ಪ ಗ್ರಂಥವಿರಬೇಕೆಂದುಕೊಂಡಿದ್ದೆ. ಮಂದ ಬೆಳಕಿನ ಕೋಣೆಯಲ್ಲಿ, ಗಾಜಿನ ಹಿಂದೆ ಇದ್ದದ್ದು ಚರ್ಮದ ಒಂದೇ ಹಾಳೆ. ೧೨೧೫ರಲ್ಲಿ ತನ್ನ ಸರದಾರರ ಒತ್ತಾಯಕ್ಕೆ ಮಣಿದು ಇಂಗ್ಲೆಂಡಿನ ದೊರೆ ಮುದ್ರೆ ಒತ್ತಿ ಕೊಟ್ಟ ಮಾತು. ಪ್ಯಾರಾ ಇಲ್ಲ, ಚಿತ್ರವಿಲ್ಲ. ಎಳ್ಳು ಸುರಿದಂತೆ ಸಣ್ಣ ಲ್ಯಾಟಿನ್ ಅಕ್ಷರಗಳು, ಸಾಲು ಮಾತ್ರ ಎಲ್ಲೂ ಸೊಟ್ಟಗಾಗಿಲ್ಲ. ಜೀವಮಾನವೆಲ್ಲ ಅಚ್ಚಿನ ಮೊಳೆ ಜೋಡಿಸಿದ ನನಗೆ ಮೈ ಜುಮ್ಮೆಂದಿತು.

ಪಕ್ಕದಲ್ಲಿದ್ದ ಇಂಗ್ಲಿಷ್ ಅನುವಾದವನ್ನು ಸುನಂದಾ ಮೆಲ್ಲಗೆ ಕನ್ನಡದಲ್ಲಿ ಹೇಳುತ್ತ ಹೋದಳು. "ಕಾಯ್ದೆ ಪ್ರಕಾರ ತೀರ್ಪು ಆಗದೇ ಯಾವ ಸ್ವತಂತ್ರ ಮನುಷ್ಯಾನ್ನೂ ಹಿಡಿಯೂ ಹಂಗಿಲ್ಲ, ಜೈಲಿಗೆ ಹಾಕೂ ಹಂಗಿಲ್ಲ." ಅಲ್ಲಿಗೆ ಓದು ಬಿಟ್ಟು ನನ್ನ ಕಡೆ ತಿರುಗಿದಳು.

ಅಲ್ಲಿ ಕಾವಲಿದ್ದ ವಯಸ್ಸಾದ ಹೆಂಗಸನ್ನು, ದೊರೆ ಮಾತು ಉಳಿಸಿಕೊಂಡನೇ ಎಂದು ಕೇಳಿದೆ.

"ಮೂರು ತಿಂಗಳೂ ಇಲ್ಲ. ಪೋಪ್ ಕೈಯಿಂದ ರದ್ದು ಮಾಡಿಸಿದ," ಎಂದರು ಆಕೆ. "ಅವನು ಸತ್ತ ಮೇಲೆ ಮತ್ತೆ ಹೊರಡಿಸಿದರು. ಆಮೇಲೂ ಜನ ಬಿಡಲಿಲ್ಲ, ಕೇಳುತ್ತಲೇ ಇದ್ದರು."

ಆಡಿದವನೇ ಮುರಿದ ಮಾತು ಇಷ್ಟು ಶತಮಾನ ದಾಟಿ ನನ್ನೆದುರಿಗಿತ್ತು. ಅರಿವಿಲ್ಲದೆ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡೆ.

ಹೊರಗೆ ಮಳೆ ನಿಂತಿತ್ತು. ಕೋಟೆಯ ಹುಲ್ಲುಹಾಸಿನ ಬದಿಯ ಬೆಂಚಿನ ಮೇಲೆ ಕೂತಾಗ ಸುನಂದಾ ಕೇಳಿದಳು: "ಅಪ್ಪಾ, ನಿಮ್ಮನ್ನ ಯಾಕ ಹಿಡಕೊಂಡ ಹೋಗಿದ್ರು?"

"ಒಂದು ಕರಪತ್ರ ಅಚ್ಚು ಹಾಕಿದ್ದೆ."

"ಏನಿತ್ತು ಅದರಾಗ?"

"ವಿಚಾರಣೆ ಇಲ್ಲದೇ ಜೈಲಿಗೆ ಹಾಕಿದವರನ್ನ ಬಿಡ್ರಿ ಅಂತ. ಅಷ್ಟ."

ಅವಳು ಎದ್ದು ನನ್ನ ತೋಳು ಹಿಡಿದಳು. "ಬರ್ರಿ, ಇನ್ನೊಮ್ಮೆ ಒಳಗ ಹೋಗೂಣು."

ಈ ಸಲ ಆ ಗಾಜಿನ ಮುಂದೆ ಅವಳೇ ನನಗಿಂತ ಹೆಚ್ಚು ಹೊತ್ತು ನಿಂತಳು.