ಸರ್ವರ್‌ಗೆ ಕನ್ನಡ ಬಾರದ ಭಾನುವಾರ

ಮಕ್ಕಳೇ, ಕಳೆದ ಭಾನುವಾರ ಊಟವಾಗಿ ಕಣ್ಣು ಎಳೆಯುವ ಹೊತ್ತಿಗೆ ನಿಮ್ಮ ಅನ್ವಿತಕ್ಕನ ಫೋನು ಬಡಿದುಕೊಂಡಿತು.

"ಅಕ್ಕಾರ, ನಾಳಿ ಯಾವ ಗೇಟಂತ ನಾವ್ ಕೇಳಬೇಕು. ನಿಮ್ಮ ಮಶೀನೇ ನಮ್ಮನ್ನ ಕೇಳಾಕತ್ತೈತಲ್ರಿ?"

ಆ ಕಡೆ ಇದ್ದವರು ವಿಜಯಪುರದ ಭೀಮಣ್ಣ. ತುರ್ಭೆಯ ಗೋದಾಮಿನಲ್ಲಿ ಮಾಲು ಹೊರುವ ಕೆಲಸ. ಅನ್ವಿತಾ ಅಲ್ಲೇ ಕಂಪ್ಯೂಟರ್ ನೋಡಿಕೊಳ್ಳುತ್ತಾಳಲ್ಲ. ಯಾರು ಯಾವ ಗೇಟಿಗೆ ಬರಬೇಕೆಂದು ಮೊಬೈಲಿನಲ್ಲಿ ಕನ್ನಡದಲ್ಲೇ ತೋರಿಸುವ ಪುಟ ಅವಳದೇ. ಸೋಮವಾರದಿಂದ ಶುರು. ತಪ್ಪು ಗೇಟಿಗೆ ಹೋದವನಿಗೆ ಆ ದಿನ ಕೆಲಸವಿಲ್ಲ.

ಪುಟ ತೆರೆದರೆ ಸಾಲುಸಾಲಾಗಿ ಪ್ರಶ್ನೆ ಚಿಹ್ನೆಗಳು.

"ಅಜ್ಜಿ, ಮೈ ಚಲಾತೀ ಹೂಂ ತೋ ಬರೋಬರ್ ಚಲ್ತಾ ಹೈ" ಎಂದಳು. ನಿಜವೇ. ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಅವಳೇ ಪ್ರೋಗ್ರಾಮು ಓಡಿಸಿದರೆ ದುಂಡುದುಂಡು ಕನ್ನಡ. ಅದನ್ನೇ, ಪುಟವನ್ನು ಎಲ್ಲರ ಮೊಬೈಲಿಗೆ ಕಳಿಸುವ ವೆಬ್ ಸರ್ವರ್ ಓಡಿಸಿದರೆ ಬರೀ ಪ್ರಶ್ನೆ. ಭಾಷೆಯ ಸೆಟ್ಟಿಂಗನ್ನು ಅಳಿಸಿ ಬರೆದಳು. ಮತ್ತೆ ಬರೆದಳು. ಊಹೂಂ.

ನಾನು ಕಿಟಕಿ ಬಳಿ ತೂಕಡಿಸುತ್ತಿದ್ದೆ. ಹಗ್ಗದ ಮೇಲಿನ ಸೀರೆ ಗಾಳಿಗೆ ಉಬ್ಬುತ್ತಿತ್ತು. ದೂರದಲ್ಲಿ ಕಲ್ಯಾಣ್ ಲೋಕಲ್ ರೈಲಿನ ಸದ್ದು. ಆ ಪ್ರೋಗ್ರಾಮು ನನಗೆ ಪುಟ್ಟ ಹುಡುಗಿಯಂತೆ ಕಂಡಿತು. ಪರಸ್ಥಳದ ಮನೆಯ ಬಾಗಿಲಲ್ಲಿ, ಏನು ಹೇಳಬೇಕೆಂದು ತಿಳಿಯದೆ ನಿಂತಿದ್ದಾಳೆ. (ನಾನೂ ಹೀಗೆ ಎಷ್ಟು ಬಾಗಿಲುಗಳಲ್ಲಿ ನಿಂತಿಲ್ಲ?) ಇವಳಿಗೆ ಯಾರೂ ಏನನ್ನೂ ಹೇಳಿ ಕಳಿಸಲಿಲ್ಲವೇ?

"ಅಜ್ಜಿ, ಸಿಕ್ತು" ಎಂದಳು ಅನ್ವಿತಾ. ನನಗೆ ಎಚ್ಚರವಾಯಿತು. "ನಾನು ಬರೆದಿದ್ದು ನನ್ನ ಫೈಲಲ್ಲಿ. ನಾನು ಲಾಗಿನ್ ಆದ್ರೆ ಮಾತ್ರ ಓದುತ್ತೆ. ಸರ್ವರ್ ಬೇರೆ ಯೂಸರ್. ತ್ಯಾಲಾ ಕೋಣ್ ಸಾಂಗಣಾರ್?"

ಹೌದಲ್ಲ, ಅದಕ್ಕೆ ಹೇಳುವವರು ಯಾರು? ಭಾಷೆಯ ಅದೇ ಸಾಲನ್ನು ಸರ್ವರಿನ ಫೈಲಿನಲ್ಲೂ ಬರೆದಳು. ಸರ್ವರನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದಳು. ಪ್ರಶ್ನೆಗಳು ಕರಗಿ ಅಕ್ಷರಗಳಾದವು.

ಆದರೂ ಅವಳಿಗೆ ಸಮಾಧಾನವಿಲ್ಲ. ಸರಿಯಿದೆಯೇ ನೋಡೆಂದು ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿದಳು. "ಬಘ್ ನಾ ಅಜ್ಜಿ, ಬರೋಬರ್ ಆಹೇ ಕಾ?"

ಕನ್ನಡ ಅವಳಿಗೆ ಕೇಳಿದರೆ ತಿಳಿಯುತ್ತದೆ, ಅಷ್ಟಿಷ್ಟು ಮಾತೂ ಬರುತ್ತದೆ. ಓದಲು, ಬರೆಯಲು ಬಾರದು. ಪುಟದಲ್ಲಿರುವುದು ಕಂಪ್ಯೂಟರೇ ಅನುವಾದಿಸಿದ ಕನ್ನಡ.

"ಭೀಮಣ್ಣ. ಎರಡನೇ ಗೇಟು. ಬೆಳಗ್ಗೆ ಆರು ಗಂಟೆ" ಎಂದು ಓದಿದೆ. ಫೋನು ಮತ್ತೆ ಬಂತು.

"ಈಗ ಛಲೋ ಕಾಣಾಕತ್ತೈತ್ರಿ. ಎರಡನೇ ಗೇಟು. ಅಕ್ಕಾರ, ಎಷ್ಟ್ ಚೆಂದ ಕನ್ನಡ ಬರೀತೀರಿ ನೀವು."

ಅವಳು ನನ್ನ ಮುಖ ನೋಡಿದಳು.

ನಿಮಗೆಲ್ಲ ಕನ್ನಡದ ಅಕ್ಷರ ಕಲಿಸಬೇಕೆಂಬ ಸಾಲನ್ನು ನಾವು ದೊಡ್ಡವರು ಯಾವ ಫೈಲಿನಲ್ಲಿ ಬರೆದು ಸುಮ್ಮನಾದೆವು?