ಮೂರು ಕೊಟೇಶನ್, ಒಂದು ಕುರ್ಚಿ

ನನಗೊಂದು ರೋಗವಿದೆ. ಏನನ್ನೇ ಆರಿಸುವುದಿದ್ದರೂ ಮೂರು ಕೊಟೇಶನ್ ಬೇಕು. ದೋಹಾದ ಕಟ್ಟಡ ಕಂಪನಿಯೊಂದರ ಖರೀದಿ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಕುಳಿತವನಿಗೆ ಇದಲ್ಲದೆ ಇನ್ನೇನು ಅಂಟೀತು? ಸಿಮೆಂಟಿಗೂ ಮೂರು, ಗುಂಡುಸೂಜಿಗೂ ಮೂರು. ಮೂರನ್ನೂ ಪಕ್ಕಪಕ್ಕ ಕೂರಿಸಿ, ಗೆರೆ ಎಳೆದು, ತುಲನಾ ಪಟ್ಟಿ ಮಾಡಿದರೆ ಮಾತ್ರ ನನಗೆ ಅಂದಿನ ಊಟ ರುಚಿಸುತ್ತದೆ. ಅಲ್ ಮನ್ಸೂರಾದ ನಮ್ಮ ಬೀದಿಯಲ್ಲಿ ಮಸಾಲೆದೋಸೆಯ ಹೋಟೆಲುಗಳೂ ಮೂರೇ ಇರುವುದು ನನ್ನ ಪುಣ್ಯ. ಈ ನಿಯಮಕ್ಕೆ ಹೊರತಾದವಳು ನನ್ನ ಹೆಂಡತಿ ಶಶಿಕಲಾ ಒಬ್ಬಳೇ. "ಒಂದೇ ಕೊಟೇಶನ್ ಇದ್ದದ್ದಕ್ಕೆ ಬಚಾವ್ ಆದ್ರಿ" ಎಂದು ಅವಳು ಆಗಾಗ ನೆನಪಿಸುತ್ತಾಳೆ. ಬಚಾವಾದದ್ದು ಯಾರು ಎಂದು ನಾನು ಕೇಳಲು ಹೋಗುವುದಿಲ್ಲ.

ಇಂಥ ನನಗೆ ಕಳೆದ ವರ್ಷ ಒಂದು ವಿಚಿತ್ರ ಖರೀದಿ ಬಂತು. ಹನ್ನೆರಡನೇ ತರಗತಿಯಲ್ಲಿದ್ದ ಮಗಳು ಧೃತಿ, ತಾನು ಇಂಗ್ಲೆಂಡಿನ ಕಾಲೇಜೊಂದರಲ್ಲಿ ಮ್ಯೂಸಿಕಲ್ ಥಿಯೇಟರ್ ಓದುತ್ತೇನೆ ಎಂದಳು. ಹಾಡುವುದು, ಕುಣಿಯುವುದು, ನಟಿಸುವುದು ಮೂರನ್ನೂ ಒಬ್ಬರೇ ಒಟ್ಟಿಗೆ ಮಾಡುವ ರಂಗಭೂಮಿ ಅದು ಎಂದು ವಿವರಿಸಿದಳು. "ಅದು ನಮ್ಮ ಆಟವೇ ಅಲ್ವಾ?" ಎಂದಳು ಶಶಿಕಲಾ. ಕರಾವಳಿಯವರಾದ ನಮಗೆ ಆಟವೆಂದರೆ ಯಕ್ಷಗಾನ. ಅದನ್ನು ಗದ್ದೆಯಲ್ಲಿ ಕುಳಿತು ನೋಡಿದವರಿಗೆ ಮ್ಯೂಸಿಕಲ್ ಥಿಯೇಟರನ್ನು ಹೊಸದೆಂದು ನಂಬಿಸುವುದು ಕಷ್ಟ. ಅಂತೂ ಮನೆಯಲ್ಲಿ ಒಂದು ಒಪ್ಪಂದವಾಯಿತು. ಧೃತಿಗೆ ಒಂದೇ ಒಂದು ಅವಕಾಶ. ಆಡಿಷನ್‌ನಲ್ಲಿ ಆಯ್ಕೆಯಾದರೆ ಹೋಗಬಹುದು. ಆಗದಿದ್ದರೆ ಮರುಮಾತಿಲ್ಲದೆ ಬಿಸಿನೆಸ್ ಮ್ಯಾನೇಜ್‌ಮೆಂಟ್. ಅವಳು ಕೈ ಚಾಚಿ ನನ್ನ ಕೈ ಕುಲುಕಿದಳು. ಅವಳ ಅಂಗೈ ತಣ್ಣಗಿತ್ತು.

ಆಡಿಷನ್‌ಗೆ ತಯಾರು ಮಾಡಲು ಕೋಚ್ ಬೇಕಂತೆ. ನಾನು ನಮ್ಮ ಊರಿನವರ ವಾಟ್ಸಾಪ್ ಗುಂಪಿನಲ್ಲಿ, ಇಂಗ್ಲಿಷನ್ನು ಕನ್ನಡದಲ್ಲಿ ಬರೆಯುವ ನನ್ನ ಶೈಲಿಯಲ್ಲಿ, "ತುರ್ತಾಗಿ ಎಡಿಷನ್ ಕೋಚ್ ಬೇಕಾಗಿದೆ" ಎಂದು ಹಾಕಿದೆ. ಐದು ನಿಮಿಷದಲ್ಲಿ ಉತ್ತರಗಳು ಬಂದವು. ಒಬ್ಬರು ಎಡಿಷನ್ ಎಂದರೆ ಕೂಡಿಸುವ ಲೆಕ್ಕವೆಂದು ತಿಳಿದು, ಹನ್ನೆರಡನೇ ತರಗತಿಗೆ ಬಂದರೂ ಮಗುವಿಗೆ ಕೂಡಿಸಲು ಬರುವುದಿಲ್ಲವೇ ಎಂದು ಮರುಗಿ ಗಣಿತದ ಟ್ಯೂಷನ್ ನಂಬರ್ ಕಳಿಸಿದರು. ಗೆಳೆಯ ಡೆನಿಸ್ ಅದನ್ನು ರೈಲಿನ ಹೆಚ್ಚುವರಿ ಬೋಗಿ ಎಂದೇ ಓದಿಕೊಂಡ. ರಜೆಯಲ್ಲಿ ಊರಿಗೆ ಹೋಗುವ ರೈಲಿಗೆ ಎಡಿಷನಲ್ ಕೋಚ್ ಹಾಕಿದ್ದಾರೋ ಇಲ್ಲವೋ ಎಂದು ವಿಚಾರಿಸುವುದರಲ್ಲೇ ನಮ್ಮ ಜನರ ಅರ್ಧ ಆಯುಷ್ಯ ಕಳೆಯುತ್ತದೆ ನೋಡಿ. "ಮುಂಬೈಯಿಂದ ಎರಡು ಕೋಚ್ ಹೆಚ್ಚು ಹಾಕಿದ್ದಾರಂತೆ ಮಾರಾಯ, ಬೇಗ ಬುಕ್ ಮಾಡು" ಎಂದು ಫೋನ್ ಮಾಡಿದ. ವಿಷಯ ತಿಳಿಸಿದ ಮೇಲೆ, ಇಗರ್ಜಿಯ ಗಾಯನ ಮಂಡಳಿಯಲ್ಲಿ ಹಾಡುವ ಅವನೇ ನನಗೊಂದು ಹೆಸರು ಕೊಟ್ಟ. ಇಂಟರ್ನೆಟ್ಟಿನಲ್ಲಿ ಇನ್ನೊಂದು ಸಿಕ್ಕಿತು. ಮೂರನೆಯದನ್ನು ಧೃತಿಯೇ ಶಾಲೆಯ ಗೆಳತಿಯಿಂದ ತಂದಳು.

ಇಲ್ಲಿ ನಮ್ಮ ಮನೆಯ ಒಂದು ಹಳೆಯ ಜಗಳವನ್ನು ಹೇಳಬೇಕು. ಮನೆಗೆ ಯಾರಾದರೂ ಬಂದರೆ ನಾನು, "ಮಗಾ, ಒಂದು ಹಾಡು ಹೇಳು" ಎನ್ನುತ್ತೇನೆ. ಧೃತಿ ಚಿಕ್ಕಂದಿನಿಂದಲೂ, "ಪಪ್ಪಾ, ಸಾಂಗ್ ಹೇಳುದಲ್ಲ, ಹಾಡುದು. ಸಿಂಗ್, ನಾಟ್ ಟೆಲ್" ಎಂದು ತಿದ್ದುತ್ತಾಳೆ. ತುಳುವಿನಲ್ಲಿ ಕೇಳಿದರೂ ಅದೇ ತೊಂದರೆ. ಅಲ್ಲಿಯೂ "ಪದ ಪನ್ಲ" ಎಂದೇ ಅನ್ನುವುದು, ಅಂದರೆ ಪದ ಹೇಳು. ಯಕ್ಷಗಾನದ ಭಾಗವತರೂ ಪದ ಹೇಳುತ್ತಾರೆಯೇ ಹೊರತು ಹಾಡುವುದಿಲ್ಲ. ಇಂಗ್ಲಿಷ್ ಶಾಲೆಯ ಮಗುವಿನ ಮುಂದೆ ನಾನು ಭಾಗವತರನ್ನು ಸಾಕ್ಷಿಗೆ ಕರೆದರೆ ನಡೆಯುತ್ತದೆಯೇ? ಹದಿಮೂರು ವರ್ಷ ಈ ಜಗಳದಲ್ಲಿ ನಾನು ಸೋಲುತ್ತಲೇ ಬಂದಿದ್ದೆ.

ಹದಿನಾಲ್ಕು ಪ್ರಶ್ನೆಗಳ ಒಂದು ಪಟ್ಟಿ ತಯಾರಿಸಿದೆ. ಎಷ್ಟು ವರ್ಷದ ಅನುಭವ, ಎಷ್ಟು ಮಕ್ಕಳಿಗೆ ಸೀಟು ಸಿಕ್ಕಿದೆ, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಕೊಡುತ್ತೀರಾ ಇತ್ಯಾದಿ. ಪ್ರಶ್ನೆಪತ್ರಿಕೆಯ ಸಾಲನ್ನು ಓದಿ ಧೃತಿ ಸೋಫಾದಿಂದ ಕೆಳಗೆ ಜಾರಿ ನಕ್ಕಳು. ಕೊನೆಯದು ಮಾರಾಟೋತ್ತರ ಸೇವೆ. ಅದನ್ನು ನಾನು ಏರ್ ಕಂಡಿಷನರ್ ಪಟ್ಟಿಯಿಂದ ಅಳಿಸಲು ಮರೆತಿದ್ದೆ, ಆದರೆ ಬೇಕೆಂದೇ ಇಟ್ಟದ್ದು ಎಂದು ವಾದಿಸಿದೆ.

ಇಂಟರ್ನೆಟ್ಟಿನ ಕೋಚ್ ಎಲ್ಲ ಪ್ರಶ್ನೆಗಳಿಗೂ ಉತ್ತರಿಸಿದರು, ಕೇಳದೆ ಇದ್ದದ್ದಕ್ಕೂ ಉತ್ತರಿಸಿದರು. ಸಂಜೆ ಪರದೆಯ ಮೇಲೆ ಪ್ರತ್ಯಕ್ಷರಾಗಿ, ಹೂಗುಚ್ಛ ಹಿಡಿದ ತಮ್ಮ ಶಿಷ್ಯರ ಚಿತ್ರಗಳನ್ನು ಒಂದೊಂದಾಗಿ ತೋರಿಸಿದರು. ಧೃತಿಯ ಹಾಡಿಗೆ ಉಳಿದದ್ದು ನಾಲ್ಕು ಸಾಲಿನಷ್ಟು ಸಮಯ. ನನ್ನ ಪಟ್ಟಿಯಲ್ಲಿ ಮಾತ್ರ ಅವರೇ ಮುಂದೆ. ಡೆನಿಸ್ ಹೇಳಿದ ಸರ್ ಇದ್ದದ್ದು ಉಮ್ಮ್ ಸಲಾಲ್‌ನಲ್ಲಿ. ದೇವರಂಥ ಮನುಷ್ಯ, ಉಸಿರಾಟವನ್ನು ಬಹಳ ಚೆನ್ನಾಗಿ ಹೇಳಿಕೊಟ್ಟರು. ಆದರೆ ಗಾಯನ ಮಂಡಳಿಯ ಶಿಸ್ತಿನವರು. ಹಾಡುವಾಗ ಕೈ ಅಲ್ಲಾಡಬಾರದು ಎಂದು ಧೃತಿಯ ಎರಡೂ ಕೈಗೆ ಪುಸ್ತಕ ಕೊಟ್ಟು ನಿಲ್ಲಿಸಿದರು. ಕುಣಿಯುವ ವಿಷಯ ಎತ್ತುವ ಧೈರ್ಯ ನಮಗಿಬ್ಬರಿಗೂ ಬರಲಿಲ್ಲ.

ಈಗ ಒಂದು ತಪ್ಪೊಪ್ಪಿಗೆ. ಇಬ್ಬರು ಕೋಚ್‌ಗಳೂ ಸರಿಹೋಗದೆ ಮನೆಗೆ ಮರಳುವಾಗ ಕಾರಿನಲ್ಲಿ ಧೃತಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಆಡಿಷನ್‌ನ ಮೊದಲ ಸುತ್ತಿಗೆ ಹಾಡಿನ ವಿಡಿಯೋ ಕಳಿಸಲು ಒಂಬತ್ತು ವಾರ ಉಳಿದಿತ್ತು. ನನಗೆ ಒಳಗೊಳಗೇ ಸಣ್ಣ ಸಮಾಧಾನವಾಯಿತು. ಕೋಚ್ ಸಿಗದಿದ್ದರೆ ಆಯ್ಕೆಯಿಲ್ಲ, ಆಯ್ಕೆಯಿಲ್ಲದಿದ್ದರೆ ಹುಡುಗಿ ಇಲ್ಲೇ ನಮ್ಮ ಜೊತೆ ಇರುತ್ತಾಳೆ. ಹದಿನಾಲ್ಕು ಪ್ರಶ್ನೆಗಳ ಹಿಂದೆ ಕುಳಿತಿದ್ದದ್ದು ಖರೀದಿ ಅಧಿಕಾರಿಯಲ್ಲ, ಮಗಳನ್ನು ಕಳಿಸಲು ಹೆದರುವ ಒಬ್ಬ ಅಪ್ಪ. ಇದು ಗೊತ್ತಾದಾಗ ನನಗೆ ನಾಚಿಕೆಯಾಯಿತು. ಆದರೂ ಸಮಾಧಾನ ಹೋಗಲಿಲ್ಲ.

ಮೂರನೆಯವರು ಮಿಸ್ ಲೋರ್ನಾ. ಫಿಲಿಪೀನ್ಸಿನವರು, ಶಾಲೆಯೊಂದರಲ್ಲಿ ನಾಟಕ ಕಲಿಸಿ ಬಿಟ್ಟವರು. ಅಲ್ ಮುಂತಜಾದ ಹಳೆಯ ಕಟ್ಟಡವೊಂದರಲ್ಲಿ, ದರ್ಜಿ ಅಂಗಡಿಯ ಮೇಲಿನ ಮನೆ. ಕೋಣೆಯಲ್ಲಿ ಒಂದು ಕೀಬೋರ್ಡ್, ಒಂದು ಬಿಳಿ ಪ್ಲಾಸ್ಟಿಕ್ ಕುರ್ಚಿ. ನಾನು ಪಟ್ಟಿ ಚಾಚಿದೆ. ಅದನ್ನವರು ಮಡಚಿ, ಅಲುಗಾಡುತ್ತಿದ್ದ ಕೀಬೋರ್ಡಿನ ಕಾಲಡಿ ತುರುಕಿ, "ಥ್ಯಾಂಕ್ಯೂ ಸರ್" ಎಂದರು. ನನ್ನ ವೃತ್ತಿಜೀವನದಲ್ಲಿ ಯಾವ ಸರಬರಾಜುದಾರನೂ ನನ್ನ ಪಟ್ಟಿಯನ್ನು ಅಷ್ಟು ಉಪಯುಕ್ತವಾಗಿ ಬಳಸಿರಲಿಲ್ಲ.

ಧೃತಿ ಹಾಡಿದಳು. ಮನೆ ಬಿಟ್ಟು ಹೊರಟ ಹುಡುಗಿಯೊಬ್ಬಳು ಹೊಸ್ತಿಲಲ್ಲಿ ನಿಂತು ಹಾಡುವ ಹಾಡು. ನಾಲ್ಕು ತಿಂಗಳಿಂದ ಬಚ್ಚಲುಮನೆಯ ಬಾಗಿಲಾಚೆಯಿಂದ ಅದು ನನ್ನ ಕಿವಿಗೆ ಬೀಳುತ್ತಲೇ ಇತ್ತು, ಒಂದು ದಿನವೂ ಅದರ ಮಾತುಗಳನ್ನು ಕೇಳಿಸಿಕೊಂಡಿರಲಿಲ್ಲ. ಮುಗಿದ ಮೇಲೆ ಲೋರ್ನಾ, "ಚೆಂದ. ಯಾರಿಗೆ ಹಾಡಿದಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಧೃತಿ ಎದುರಿನ ಗೋಡೆಯ ಕಡೆ ಬೆರಳು ತೋರಿಸಿದಳು. ಲೋರ್ನಾ ಸುತ್ತ ನೋಡಿದರು. ಕೋಣೆಯಲ್ಲಿದ್ದ ಮೂರನೆಯ ಪ್ರಾಣಿ ನಾನೊಬ್ಬನೇ. ನನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, "ಯಲ್ಲಾ, ನಡಿ, ಈಗ ಹಾಡಬೇಡ. ಟೆಲ್ ಹಿಮ್. ಇವರಿಗೆ ಹೇಳು" ಎಂದರು.

ಧೃತಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ಒಮ್ಮೆಗೇ ಹೊಳೆಯಿತು. "ನಾನು ಹೇಳಿರ್ಲಿಲ್ವಾ?" ಎಂದೆ. ಹದಿಮೂರು ವರ್ಷದ ಜಗಳ ಗೆದ್ದ ಸಂಭ್ರಮದಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತೆ.

ಸಂಭ್ರಮ ಎರಡು ಸಾಲು ಬಾಳಿತು. ಅವಳು ನಿಜವಾಗಿಯೂ ಹೇಳತೊಡಗಿದಳು. ರಾಗ ಅದೇ, ಆದರೆ ಮಾತುಗಳು ನೇರ ನನ್ನ ಬಳಿಗೆ ಬಂದವು: ನಾನು ಹೋಗುತ್ತಿದ್ದೇನೆ, ನನಗೂ ಭಯವಿದೆ, ತಡೆಯಬೇಡ, ಆದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಡ. ನಾನು ತಲೆಯೆತ್ತಿ ಗೋಡೆಯ ಏಸಿಯ ಕಂಪನಿ ಯಾವುದೆಂದು ಪರೀಕ್ಷಿಸತೊಡಗಿದೆ. "ಸರ್, ಏಸಿ ನೋಡಬೇಡಿ, ಮಗಳನ್ನು ನೋಡಿ" ಎಂದು ಲೋರ್ನಾ ಗದರಿದರು. ನೋಡಿದೆ. ಅವಳು ಹೋಗಬೇಕು ಎಂದು ನಾನು ಮನಸಾರೆ ಒಪ್ಪಿದ್ದು ಆಗ. ಕೈ ಕುಲುಕಿದ ದಿನ ಅಲ್ಲ.

ತುಲನಾ ಪಟ್ಟಿ ಕೀಬೋರ್ಡಿನ ಕೆಳಗೇ ಉಳಿಯಿತು. ಕೋಚನ್ನು ಆರಿಸಲು ಹೋದವನು ಕೇಳುಗನಾಗಿ ನೇಮಕಗೊಂಡು ಪ್ರತಿ ಶನಿವಾರ ಆ ಕುರ್ಚಿಯಲ್ಲಿ ಕುಳಿತೆ. ಹಾಡಿಗೆ ತಕ್ಕಂತೆ ನಾನು ಒಂದು ವಾರ ಊರಿನ ಜಗುಲಿಯಾದೆ, ಮತ್ತೊಂದು ವಾರ ಅವಳು ಮುನಿಸಿಕೊಂಡ ಗೆಳತಿ, ಒಮ್ಮೆ ಸಮುದ್ರ. ಸಮುದ್ರವಾಗಿದ್ದಾಗ ಕೆಮ್ಮಿ ಬೈಸಿಕೊಂಡೆ. ಈ ನೌಕರಿಯ ವಿಷಯ ತಿಳಿದ ಡೆನಿಸ್, "ಸುಮ್ನೆ ಕೂತ್ಕೊಳ್ಳುದಾ? ಅದು ನೀನು ಆಫೀಸಲ್ಲಿ ಮಾಡುದೇ ಅಲ್ವಾ ಮಾರಾಯ?" ಎಂದ. ಅವನಿಗೇನು ಗೊತ್ತು? ಸುಮ್ಮನೆ ಕೂರುವುದು ಬೇರೆ, ಕೇಳುತ್ತಾ ಕೂರುವುದು ಬೇರೆ. ಎರಡನೆಯದಕ್ಕೆ ಬೆನ್ನು ನೋಯುತ್ತದೆ.

ವಿಡಿಯೋ ಆಯ್ಕೆಯಾಗಿ, ಪರೀಕ್ಷಕರ ಮುಂದೆ ನೇರವಾಗಿ ಆನ್‌ಲೈನ್‌ನಲ್ಲಿ ಹಾಡುವ ಸುತ್ತಿಗೆ ಕರೆ ಬಂತು. ನಾನು ಹಿಗ್ಗಿ, ಮುಂದಿನ ಶನಿವಾರಕ್ಕೆ ಅಂಗಿಗೆ ಇಸ್ತ್ರಿಯನ್ನೂ ಮಾಡಿಸಿದೆ. ಲೋರ್ನಾ ಫೋನ್ ಮಾಡಿ, "ಸರ್, ಖಲಾಸ್. ಇನ್ನು ನೀವು ಬರಬೇಡಿ. ಕುರ್ಚಿ ಸಾಕು" ಎಂದರು. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ದಿನದ ನೋಟಿಸೂ ಕೊಡದೆ ಕೆಲಸದಿಂದ ತೆಗೆದಿದ್ದರು! "ಅವಳು ಎಲ್ಲಿಗೆ ಹೋದರೂ ನಿಮ್ಮನ್ನು ಜೊತೆಗೆ ಹೊತ್ತುಕೊಂಡು ಹೋಗಲು ಆಗುವುದಿಲ್ಲವಲ್ಲ? ಇನ್ನು ಖಾಲಿ ಕುರ್ಚಿಗೇ ಹೇಳಲು ಕಲಿಯಬೇಕು" ಎಂದು ಅವರೇ ಮೆತ್ತಗೆ ಸೇರಿಸಿದರು. ನಾವಿಲ್ಲದೆ ಅವಳು ಹೇಗಿರುತ್ತಾಳೆ ಎಂಬ, ಪಟ್ಟಿಯಲ್ಲಿ ಬರೆಯಲಾಗದಿದ್ದ ಹದಿನೈದನೆಯ ಪ್ರಶ್ನೆಗೆ ಅವರು ಉತ್ತರಿಸಿದಂತೆ ಅನ್ನಿಸಿತು.

ಆಡಿಷನ್‌ಗೆ ಮಧ್ಯಾಹ್ನದ ಎರಡು ಬಾಂಗುಗಳ ನಡುವಿನ ಹೊತ್ತನ್ನೇ ಆರಿಸಿಕೊಂಡಿದ್ದೆವು. ಮಸೀದಿ ನಮ್ಮ ಕಿಟಕಿಗೆ ಅಂಟಿಕೊಂಡೇ ಇದೆ. ಶಶಿಕಲಾ ಕುಕ್ಕರಿನ ಸೀಟಿಯನ್ನು ಕಿತ್ತು ಕೈಯಲ್ಲೇ ಹಿಡಿದುಕೊಂಡಳು. ನಾವಿಬ್ಬರೂ ಅಡುಗೆಮನೆಯಲ್ಲಿ ಬಂಧಿಗಳು. "ಉಸಿರು ಬಿಡಿ ಮಾರಾಯ್ರೇ, ಅದು ಕೇಳುದಿಲ್ಲ" ಎಂದು ಅವಳು ನನ್ನ ಭುಜ ತಟ್ಟಿದಳು. ಬಾಗಿಲ ಸಂದಿಯಿಂದ ನೋಡಿದೆ. ಧೃತಿ ಊಟದ ಮೇಜಿನಿಂದ ಒಂದು ಕುರ್ಚಿಯನ್ನು ಎಳೆದು ಲ್ಯಾಪ್‌ಟಾಪಿನ ಹಿಂದೆ ಇಟ್ಟಳು. ಎದುರು ನಿಂತು, ಅದರಲ್ಲಿ ಕುಳಿತ ಯಾರನ್ನೋ ನೋಡಿ ಸ್ವಲ್ಪ ನಕ್ಕಳು. ಆಮೇಲೆ ಹಾಡು ಹೇಳಿದಳು.

ಎರಡು ವಾರದ ಮೇಲೆ, ನಾವು ಊಟಕ್ಕೆ ಕುಳಿತಿದ್ದಾಗ ಇಮೇಲ್ ಬಂತು. ಸೀಟು ಸಿಕ್ಕಿತ್ತು. ಶಶಿಕಲಾ ಒಮ್ಮೆಗೇ ಅತ್ತಳು, ನಕ್ಕಳು, ಅನ್ನ ಬಡಿಸಿದಳು. ಕಾಲೇಜು ಹೇಗಿರುತ್ತದೋ, ಅಲ್ಲಿ ಕೋಣೆಯಲ್ಲಿ ಕುರ್ಚಿ ಗಟ್ಟಿಯಾದದ್ದು ಕೊಡುತ್ತಾರೋ ಇಲ್ಲವೋ ಎಂದು ನಾನು ಏನೋ ಬಡಬಡಿಸುತ್ತಾ ಕೂತಲ್ಲೇ ಅಲುಗಾಡಿದೆ. ನಮ್ಮ ಮೇಜಿಗೆ ಕುರ್ಚಿಗಳು ನಾಲ್ಕು. ನನ್ನದರ ಒಂದು ಕಾಲು ಗಿಡ್ಡ. ಅಡಿಗೆ ರಟ್ಟು ಮಡಚಿ ಇಟ್ಟುಕೊಳ್ಳಬೇಕು. ಆ ರಟ್ಟು ಎರಡು ವಾರದಿಂದ ಕಾಣೆಯಾಗಿತ್ತು.

"ಸಾರಿ ಪಪ್ಪಾ, ಆಡಿಷನ್ ದಿನ ಕುರ್ಚಿ ಎಳೆದಾಗ ಬಿದ್ದದ್ದು" ಎಂದಳು ಧೃತಿ.

"ನೆಟ್ಟಗಿದ್ದದ್ದು ಮೂರು ಇತ್ತಲ್ಲ ಮಗಾ? ಅದ್ರಲ್ಲಿ ಒಂದು ಇಡ್ಬಹುದಿತ್ತು."

ಅವಳಿಗೆ ನನ್ನ ಮಾತು ಅರ್ಥವಾದಂತೆ ಕಾಣಲಿಲ್ಲ. "ಅದ್ರಲ್ಲಿ ನೀವು ಕೂತ್ಕೊಳ್ಳುದಿಲ್ವಲ್ಲ" ಎಂದು ಹೇಳಿ ಊಟ ಮುಂದುವರಿಸಿದಳು.